ಸವೆದ ನೆಲಕ್ಕೆ ಜೀವ ಕೊಟ್ಟವರು: ಜಾರ್ಜ್ ವಾಷಿಂಗ್ಟನ್ ಕಾರ್ವರರ ಚರಿತ್ರೆ

ನಮ್ಮ ಹಳ್ಳಿಗಳಲ್ಲಿ ಒಕ್ಕಲಿಗನ ಮಗನು ನಾಲ್ಕಕ್ಷರ ಕಲಿತ ಕೂಡಲೇ ನೇಗಿಲು ಹಿಡಿಯುವದಕ್ಕೆ ನಾಚುವದುಂಟು. ವಿದ್ಯೆ ಬಂದವನು ಮಣ್ಣನ್ನು ಬಿಟ್ಟು ಹೋಗತಕ್ಕವನೆಂದೂ, ವಿದ್ಯೆ ಬಾರದವನು ಮಾತ್ರ ಮಣ್ಣಿನಲ್ಲಿ ಉಳಿಯತಕ್ಕವನೆಂದೂ ಅನೇಕರು ಎಣಿಸುತ್ತಾರೆ. ಈ ಎಣಿಕೆಯಿಂದ ಹೊಲಕ್ಕೂ ಕೇಡು, ಓದಿಗೂ ಕೇಡು. ಹೊಲವು ಬುದ್ಧಿಯುಳ್ಳ ಕೈಗಳನ್ನು ಕಳಕೊಳ್ಳುವದು. ಓದು ತನ್ನ ಜನರಿಗೆ ಅನ್ನ ಕೊಡಲಾರದೆ ಬರಿದಾಗಿ ಉಳಿಯುವದು. ಇಂಥಾ ಎಣಿಕೆಯು ಸುಳ್ಳೆಂದು ತನ್ನ ಬಾಳಿನಿಂದಲೇ ತೋರಿಸಿದ ಒಬ್ಬ ಮನುಷ್ಯನ ಚರಿತ್ರೆಯನ್ನು ಈ ಸಾರಿ ನಿಮ್ಮ ಮುಂದೆ ಇಡುತ್ತೇವೆ. ಆತನು ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದವನು, ದೊಡ್ಡ ವಿದ್ವಾಂಸನಾದವನು, ಆದರೂ ಸಾಯುವ ತನಕ ಬಡ ಒಕ್ಕಲಿಗರ ಹೊಲದ ಮಣ್ಣನ್ನು ಕೈಯಿಂದ ಬಿಡದವನು.

ತಾಯಿಯಿಲ್ಲದ ಕೂಸು

ಅಮೆರಿಕ ದೇಶದ ಮಿಸ್ಸೂರಿ ಸೀಮೆಯಲ್ಲಿ ಡೈಮಂಡ್ ಎಂಬ ಹಳ್ಳಿಯ ಬಳಿ ಮೋಸೆಸ್ ಕಾರ್ವರ್ ಎಂಬ ಬಿಳಿಯ ಒಕ್ಕಲಿಗನಿದ್ದನು. ಆ ಕಾಲದಲ್ಲಿ ಅಲ್ಲಿ ಮನುಷ್ಯರನ್ನು ದನಗಳ ಹಾಗೆ ಕ್ರಯಕ್ಕೆ ಕೊಳ್ಳುವ ಕೆಟ್ಟ ಪದ್ಧತಿ ಇತ್ತು. ಮೋಸೆಸನು ೧೮೫೫ನೇ ಇಸವಿಯಲ್ಲಿ ಮೇರಿ ಎಂಬ ಕಪ್ಪು ವರ್ಣದ ಹುಡುಗಿಯನ್ನು ೭೦೦ ಡಾಲರಿಗೆ ಕೊಂಡುಕೊಂಡಿದ್ದನು. ಈ ಮೇರಿಯ ಮಗನೇ ಜಾರ್ಜನು. ಗುಲಾಮರ ಮಕ್ಕಳು ಹುಟ್ಟಿದ ದಿನವನ್ನು ಯಾರೂ ಬರೆದಿಡುತ್ತಿದ್ದಿಲ್ಲವಾದ ಕಾರಣ ಅವನ ಜನ್ಮದಿನವು ಅವನಿಗೇ ತಿಳಿದಿರಲಿಲ್ಲ. ೧೮೬೪ರ ಸುಮಾರಿಗೆ ಹುಟ್ಟಿದನೆಂದು ಎಣಿಸುತ್ತಾರೆ. ತಂದೆಯ ಮುಖವನ್ನು ಅವನು ಕಾಣಲೇ ಇಲ್ಲ.

ಆಗ ಅಮೆರಿಕದಲ್ಲಿ ಗುಲಾಮಗಿರಿಯ ನಿಮಿತ್ತ ಅಣ್ಣತಮ್ಮಂದಿರೊಳಗೇ ಯುದ್ಧ ನಡೆಯುತ್ತಿತ್ತು. ಆ ಗಲಿಬಿಲಿಯಲ್ಲಿ ಕುದುರೆಯೇರಿದ ಕಳ್ಳರು ಒಂದು ರಾತ್ರಿ ಬಂದು ಮೇರಿಯನ್ನೂ ಅವಳ ಕೈಕೂಸನ್ನೂ ಮಾರುವದಕ್ಕೆ ಎತ್ತಿಕೊಂಡು ಹೋದರು. ಮೋಸೆಸನು ಅವರನ್ನು ಹುಡುಕಿ ತರುವದಕ್ಕೆ ಒಬ್ಬನನ್ನು ಕಳುಹಿಸಿದನು. ಹೋದವನು ಕೂಸನ್ನು ಮಾತ್ರ ತಂದನು. ತಾಯಿಯು ಸಿಕ್ಕಲಿಲ್ಲ, ಮುಂದೆಂದೂ ಅವಳ ಸುದ್ದಿ ಬರಲಿಲ್ಲ. ಕೂಸನ್ನು ತಂದದ್ದಕ್ಕಾಗಿ ಮೋಸೆಸನು ಒಂದು ಒಳ್ಳೇ ಕುದುರೆಯನ್ನು ಕೊಟ್ಟನೆಂದು ಹೇಳುತ್ತಾರೆ. ಹೀಗೆ ಒಂದು ಕುದುರೆಗೆ ಬದಲಾಗಿ ಮರಳಿ ಬಂದ, ನಾಯಿಕೆಮ್ಮಿನಿಂದ ಉಸಿರಾಡಲಾರದೆ ಇದ್ದ ಆ ಕೂಸು ಬದುಕುವದೆಂದು ಯಾರೂ ನೆನಸಲಿಲ್ಲ.

೧೮೬೫ರಲ್ಲಿ ಆ ಸೀಮೆಯ ಗುಲಾಮರಿಗೆಲ್ಲಾ ಬಿಡುಗಡೆಯಾಯಿತು. ಮಕ್ಕಳಿಲ್ಲದ ಮೋಸೆಸನೂ ಅವನ ಹೆಂಡತಿ ಸೂಸಾನಳೂ ಜಾರ್ಜನನ್ನೂ ಅವನ ಅಣ್ಣನಾದ ಜಿಮ್ಮನನ್ನೂ ತಮ್ಮ ಮನೆಯಲ್ಲೇ ಸಾಕಿದರು. ಅಣ್ಣನು ಗಟ್ಟಿಮುಟ್ಟಾಗಿದ್ದು ಹೊಲದ ಕೆಲಸಕ್ಕೆ ಹೋದನು. ಜಾರ್ಜನು ಬಡಕಲಾದದರಿಂದ ಸೂಸಾನಳ ಬಳಿಯಲ್ಲಿ ಅಡಿಗೆ, ಬಟ್ಟೆ ಒಗೆಯುವದು, ಹೊಲಿಗೆ, ಹಿತ್ತಿಲ ಕೆಲಸ ಇವುಗಳನ್ನು ಕಲಿತನು. ಹೆಂಗಸರ ಕೆಲಸವೆಂದು ಜನರು ಹೀನೈಸುವ ಈ ಕೆಲಸಗಳೇ ಮುಂದೆ ಅವನ ವಿದ್ಯೆಯ ಖರ್ಚನ್ನು ಕೊಟ್ಟವೆಂಬದನ್ನು ನೋಡುವೆವು. ಬಿಡುವು ಸಿಕ್ಕಾಗ ಅವನು ಕಾಡಿಗೆ ಹೋಗಿ ಗಿಡಗಳನ್ನೂ ಕಲ್ಲುಗಳನ್ನೂ ಆರಿಸಿ ತರುವನು. ಪೊದೆಗಳ ನಡುವೆ ಯಾರಿಗೂ ಕಾಣದ ಹಾಗೆ ಒಂದು ಪುಟ್ಟ ತೋಟವನ್ನು ಮಾಡಿ ಬಾಡಿದ ಸಸಿಗಳನ್ನು ಅಲ್ಲಿ ನೆಟ್ಟು ಬದುಕಿಸುವನು. ಇದನ್ನು ತಿಳಿದ ನೆರೆಹೊರೆಯವರು ತಮ್ಮ ರೋಗದ ಗಿಡಗಳನ್ನು ಅವನ ಬಳಿಗೆ ತಂದು, ಅವನನ್ನು ಗಿಡಗಳ ವೈದ್ಯನೆಂದು ಕರೆಯತೊಡಗಿದರು.

ವಿದ್ಯೆಗಾಗಿ ಅಲೆದಾಟ

ಆ ಹಳ್ಳಿಯಲ್ಲಿ ಒಂದೇ ಕಟ್ಟಡವು ಆದಿತ್ಯವಾರ ಪ್ರಾರ್ಥನಾ ಮಂದಿರವೂ ಉಳಿದ ದಿನಗಳಲ್ಲಿ ಪಾಠಶಾಲೆಯೂ ಆಗಿತ್ತು. ಆದಿತ್ಯವಾರ ಜಾರ್ಜನು ಅದರೊಳಗೆ ಕೂತು ಪ್ರಸಂಗವನ್ನು ಕೇಳಬಹುದಾಗಿತ್ತು. ಸೋಮವಾರ ಅದೇ ಬಾಗಲಿನೊಳಗೆ ಓದುವದಕ್ಕೆ ಅವನಿಗೆ ಅಪ್ಪಣೆ ಇರಲಿಲ್ಲ, ಯಾಕಂದರೆ ಅವನ ಮೈಬಣ್ಣ ಕಪ್ಪು. ಆದಕಾರಣ ಅವನು ಹನ್ನೊಂದು ಹನ್ನೆರಡು ವರುಷದವನಾಗಿದ್ದಾಗ, ಎಂಟು ಹತ್ತು ಮೈಲು ದೂರದ ನಿಯೋಶೋ ಎಂಬ ಪಟ್ಟಣದಲ್ಲಿ ಕಪ್ಪು ವರ್ಣದ ಮಕ್ಕಳಿಗಾಗಿ ಇದ್ದ ಶಾಲೆಗೆ ಒಬ್ಬನೇ ನಡೆದುಹೋದನು. ಮೊದಲನೇ ರಾತ್ರಿ ಒಂದು ಕೊಟ್ಟಿಗೆಯಲ್ಲಿ ಮಲಗಿದನೆಂದು ಹೇಳುತ್ತಾರೆ. ಅಲ್ಲಿ ಮರಾಯಾ ವಾಟ್ಕಿನ್ಸ್ ಎಂಬ ದೈವಭಕ್ತೆಯಾದ ಹೆಂಗಸು ಅವನನ್ನು ತನ್ನ ಮನೆಗೆ ಸೇರಿಸಿಕೊಂಡಳು. ಅವಳು ಸೂಲಗಿತ್ತಿಯೂ ಬಟ್ಟೆ ಒಗೆಯುವವಳೂ ಆಗಿದ್ದಳು. ಅವಳು ಅವನಿಗೆ ಒಂದು ಸತ್ಯವೇದ ಪುಸ್ತಕವನ್ನು ಕೊಟ್ಟು, ಅವನು ಕಲಿಯುವದನ್ನೆಲ್ಲಾ ತನ್ನ ಜನರಿಗೆ ಹಿಂದಕ್ಕೆ ಕೊಡತಕ್ಕದ್ದೆಂದು ಬುದ್ಧಿ ಹೇಳಿದಳು. ಆ ಪುಸ್ತಕವನ್ನೂ ಆ ಬುದ್ಧಿಮಾತನ್ನೂ ಅವನು ಕೊನೇ ತನಕ ಬಿಡಲಿಲ್ಲ.

ಆ ಶಾಲೆಯ ಉಪಾಧ್ಯಾಯನಿಗೆ ಗೊತ್ತಿದ್ದದ್ದು ಸ್ವಲ್ಪವೇ. ಅದು ಮುಗಿಯಲು ಜಾರ್ಜನು ಕ್ಯಾನ್ಸಾಸ್ ಸೀಮೆಗೆ ಹೋಗಿ ಊರಿಂದೂರಿಗೆ ಅಲೆಯುತ್ತಾ, ಅಡಿಗೆ ಮಾಡಿ, ಬಟ್ಟೆ ಒಗೆದು ಇಸ್ತ್ರಿ ಮಾಡಿ ಹೊಟ್ಟೆ ಹೊರಕೊಂಡು ಓದಿದನು. ೧೮೭೯ರಲ್ಲಿ ಫೋರ್ಟ್ ಸ್ಕಾಟ್ ಎಂಬ ಊರಿನಲ್ಲಿ ಜನರ ಗುಂಪೊಂದು ಕಪ್ಪು ವರ್ಣದ ಒಬ್ಬ ಮನುಷ್ಯನನ್ನು ಸೆರೆಯಿಂದ ಎಳೆದು ಕೊಂದದ್ದನ್ನು ಕಣ್ಣಾರೆ ಕಂಡು, ಭಯದಿಂದ ಆ ಊರನ್ನೇ ಬಿಟ್ಟು ಓಡಿದನು. ಮುಂದೆ ಹೈಸ್ಕೂಲು ಮುಗಿಸಿ ಒಂದು ಕಾಲೇಜಿಗೆ ಕಾಗದ ಬರೆಯಲು, ಅವರು ಅವನ ಅಂಕಗಳನ್ನು ನೋಡಿ ಬರಬಹುದೆಂದು ಉತ್ತರ ಕೊಟ್ಟರು. ಇದ್ದ ಹಣವನ್ನೆಲ್ಲಾ ಕೂಡಿಸಿಕೊಂಡು ಹೋಗಿ ಬಾಗಲಲ್ಲಿ ನಿಂತಾಗ, ಮುಖವನ್ನು ನೋಡಿ ಹಿಂದಕ್ಕೆ ಕಳುಹಿಸಿದರು. ಅದು ಕ್ರೈಸ್ತರೇ ನಡಿಸುವ ಕಾಲೇಜಾಗಿತ್ತೆಂಬದು ನಾವು ತಲೆತಗ್ಗಿಸಿ ಒಪ್ಪಿಕೊಳ್ಳತಕ್ಕ ಸಂಗತಿ.

ಆಮೇಲೆ ೧೮೮೬ರಲ್ಲಿ ಅವನು ಪಶ್ಚಿಮದ ಬಯಲು ಸೀಮೆಯಲ್ಲಿ ಸರಕಾರವು ಕೊಡುತ್ತಿದ್ದ ೧೬೦ ಎಕರೆ ಪಾಳು ಭೂಮಿಯನ್ನು ಹಿಡಿದು, ಹುಲ್ಲುಹೆಂಟೆಗಳಿಂದ ಗುಡಿಸಲು ಕಟ್ಟಿ, ೧೭ ಎಕರೆಯಷ್ಟು ನೆಲವನ್ನು ಉತ್ತನು. ಮಳೆ ಕೈಕೊಡುವದು, ಹಿಮ ಬೀಳುವದು, ಸಾಲ ಮಾಡುವದು, ಬೆಳೆದದ್ದು ಸಾಲಕ್ಕೆ ಸಾಲದೆ ಹೋಗುವದು, ಇವೆಲ್ಲವನ್ನು ಅವನು ಪುಸ್ತಕದಿಂದ ಅಲ್ಲ, ಅಲ್ಲಿ ತನ್ನ ಮೈಮೇಲೆ ಕಲಿತನು.

ಕೊನೆಗೆ ೧೮೯೦ರಲ್ಲಿ ಐಯೋವಾ ಸೀಮೆಯ ಸಿಂಪ್ಸನ್ ಕಾಲೇಜಿನವರು ಅವನನ್ನು ಸೇರಿಸಿಕೊಂಡರು. ಫೀಜು ಕೊಟ್ಟ ಮೇಲೆ ಕೈಯಲ್ಲಿ ಉಳಿದ ಕೆಲವು ಕಾಸುಗಳಿಂದ ಮೆಕ್ಕೆಜೋಳದ ಹಿಟ್ಟನ್ನೂ ಸ್ವಲ್ಪ ಕೊಬ್ಬನ್ನೂ ಕೊಂಡು ಕೆಲವು ದಿನ ಕಳೆದನು. ಆಮೇಲೆ ಹುಡುಗರ ಬಟ್ಟೆ ಒಗೆದು ಖರ್ಚು ನಡಿಸಿದನು. ಅಲ್ಲಿ ಅವನು ಕಲಿಯಬಂದದ್ದು ಚಿತ್ರ ಬರೆಯುವದನ್ನು. ಚಿತ್ರಕಲೆಯ ಉಪಾಧ್ಯಾಯಿನಿಯಾದ ಎಟ್ಟಾ ಬಡ್ ಎಂಬವರು ಇವನು ಗಿಡಗಳನ್ನು ಅಷ್ಟು ಚೆನ್ನಾಗಿ ಬರೆಯುವದನ್ನು ಕಂಡು, ಗಿಡಗಳ ಶಾಸ್ತ್ರವನ್ನೇ ಓದಿದರೆ ತನ್ನ ಜನರಿಗೆ ಹೆಚ್ಚು ಉಪಯೋಗವಾಗುವನೆಂದು ತಿಳಿದು, ತಮ್ಮ ತಂದೆಯು ಪ್ರೊಫೆಸರಾಗಿದ್ದ ಏಮ್ಸ್ ಪಟ್ಟಣದ ಬೇಸಾಯದ ಕಾಲೇಜಿಗೆ ಕಳುಹಿಸಿದರು. ಚಿತ್ರಗಾರನಾಗಬೇಕೆಂಬ ಆಶೆಯನ್ನು ಬಿಡುವದು ಅವನಿಗೆ ಸುಲಭವಾಗಿರಲಿಲ್ಲ. ಅವನು ಬರೆದ ಒಂದು ಚಿತ್ರವು ೧೮೯೩ರಲ್ಲಿ ಶಿಕಾಗೋವಿನ ಮಹಾ ಪ್ರದರ್ಶನದಲ್ಲಿ ಮೆಚ್ಚಿಕೆಯನ್ನು ಪಡೆಯಿತು. ಆದರೂ ತನ್ನ ಜನರಿಗೆ ಚಿತ್ರಕ್ಕಿಂತ ರೊಟ್ಟಿಯು ಹೆಚ್ಚು ಬೇಕೆಂದು ಎಣಿಸಿ, ೧೮೯೧ರಲ್ಲಿ ಬೇಸಾಯದ ವಿದ್ಯೆಗೆ ಸೇರಿದನು. ಆ ಕಾಲೇಜಿನಲ್ಲಿ ಮೊದಲು ಅವನನ್ನು ಬೇರೆ ಹುಡುಗರ ಪಂಕ್ತಿಯಲ್ಲಿ ಊಟಕ್ಕೆ ಕೂಡ್ರಿಸದೆ ಕೆಳಗಿನ ಕೋಣೆಯಲ್ಲಿ ಆಳುಗಳ ಸಂಗಡ ಕೂಡ್ರಿಸಿದರು. ಪಂಕ್ತಿಭೇದದ ನೋವು ಎಂಥಾದ್ದೆಂದು ನಮ್ಮ ಜನರಿಗೆ ಯಾರೂ ವಿವರಿಸಬೇಕಾಗಿಲ್ಲ. ಅವನು ಜಗಳವಾಡದೆ ತನ್ನ ಕೆಲಸವನ್ನು ಮಾಡುತ್ತಾ ಹೋದನು; ಬರಬರುತ್ತಾ ಎಲ್ಲರೂ ಅವನನ್ನು ಪ್ರೀತಿಸಿದರು. ೧೮೯೪ರಲ್ಲಿ ಮೊದಲನೇ ಪದವಿಯನ್ನೂ ೧೮೯೬ರಲ್ಲಿ ಎರಡನೇ ಪದವಿಯನ್ನೂ ಪಡೆದು, ಬೆಳೆಗಳಿಗೆ ಬರುವ ಬೂಜು ರೋಗಗಳ ವಿಷಯದಲ್ಲಿ ಹೆಸರುಗೊಂಡು, ಅದೇ ಕಾಲೇಜಿನಲ್ಲಿ ಉಪಾಧ್ಯಾಯನಾದನು.

ಟಸ್ಕೀಗೀಯ ಕರೆ

ಅಲಬಾಮಾ ಸೀಮೆಯ ಟಸ್ಕೀಗೀ ಎಂಬಲ್ಲಿ ಬುಕರ್ ವಾಷಿಂಗ್ಟನ್ ಎಂಬ ಮಹನೀಯರು ೧೮೮೧ರಲ್ಲಿ ಕಪ್ಪು ವರ್ಣದ ಯೌವನಸ್ಥರಿಗಾಗಿ ಒಂದು ವಿದ್ಯಾಲಯವನ್ನು ಸ್ಥಾಪಿಸಿದ್ದರು. ಅವರೂ ಗುಲಾಮಳ ಮಗನೇ. ಓದಿನ ಸಂಗಡ ಇಟ್ಟಿಗೆ ಸುಡುವದು, ಬಡಿಗತನ, ಬೇಸಾಯ ಮೊದಲಾದ ಕೈಕೆಲಸಗಳನ್ನು ಅಲ್ಲಿ ಕಲಿಸುತ್ತಿದ್ದರು. ೧೮೯೬ರಲ್ಲಿ ಅವರು ಕಾರ್ವರರನ್ನು ಬೇಸಾಯದ ವಿಭಾಗಕ್ಕೆ ಮುಖ್ಯಸ್ಥರಾಗಿ ಬರಬೇಕೆಂದು ಕರೆದರು. ಐಯೋವಾದಲ್ಲಿ ಒಳ್ಳೇ ಪ್ರಯೋಗಶಾಲೆಯೂ ಗೌರವವೂ ಇದ್ದವು. ಟಸ್ಕೀಗೀಯಲ್ಲಿ ಬಡತನವೂ ಕೆಲಸವೂ ಮಾತ್ರ ಇದ್ದವು. ಆದರೆ ಮರಾಯಾ ತಾಯಿಯ ಮಾತು ಅವರ ನೆನಪಿನಲ್ಲಿತ್ತು. ಅದೇ ವರುಷ ಅಕ್ಟೋಬರ್ ತಿಂಗಳಲ್ಲಿ ಅವರು ಅಲ್ಲಿಗೆ ಹೋದರು. ಸಾಯುವ ತನಕ, ನಾಲ್ವತ್ತಾರು ವರುಷಗಳಿಗೂ ಮೇಲೆ, ಅಲ್ಲಿಯೇ ಇದ್ದರು.

ಅಲ್ಲಿ ಪ್ರಯೋಗಶಾಲೆ ಎಂಬದೇ ಇರಲಿಲ್ಲ. ಕಾರ್ವರರು ವಿದ್ಯಾರ್ಥಿಗಳನ್ನು ಊರಿನ ಕಸದ ಗುಡ್ಡೆಗಳ ಬಳಿಗೆ ಕರಕೊಂಡು ಹೋಗಿ, ಒಡೆದ ಸೀಸೆ, ಹಳೇ ಡಬ್ಬಿ, ತಂತಿ, ಬೋಗುಣಿ ಇವುಗಳನ್ನು ಆರಿಸಿ ತಂದು, ತೊಳೆದು, ಅವುಗಳಿಂದಲೇ ಪಾಠದ ಸಾಮಾನುಗಳನ್ನು ಮಾಡಿಕೊಂಡರು. ಏನೂ ಇಲ್ಲವೆಂದು ಕೂತಿರುವದಕ್ಕಿಂತ ಇದ್ದದ್ದರಿಂದ ಆರಂಭಿಸುವದೇ ಲೇಸೆಂಬದು ಅವರ ಮೊದಲನೇ ಪಾಠವಾಗಿತ್ತು.

ಸುತ್ತಲಿನ ಒಕ್ಕಲಿಗರ ಸ್ಥಿತಿಯಾದರೋ ಕಣ್ಣೀರು ತರುವಂಥಾದ್ದು. ಗುಲಾಮಗಿರಿಯು ಹೋಗಿ ಮೂವತ್ತು ವರುಷಗಳಾಗಿದ್ದವು. ಆದರೆ ಭೂಮಿಯು ಬಿಳಿಯ ಒಡೆಯರ ಕೈಯಲ್ಲಿಯೇ ಇತ್ತು. ಕಪ್ಪು ವರ್ಣದವರು ಆ ಭೂಮಿಯನ್ನು ಪಾಲಿಗೆ, ನಮ್ಮ ಕಡೆ ಕೋರಿಗೆ ಮಾಡುವ ಹಾಗೆ, ಮಾಡುತ್ತಿದ್ದರು. ಬೀಜ, ಗೊಬ್ಬರ, ಹಿಟ್ಟು, ಬಟ್ಟೆ ಎಲ್ಲವನ್ನು ಅಂಗಡಿಯವನಿಂದ ಉದ್ದರಿ ತರುವರು. ಸುಗ್ಗಿಯಲ್ಲಿ ಬೆಳೆಯನ್ನು ಒಡೆಯನೂ ಅಂಗಡಿಯವನೂ ಹಂಚಿಕೊಂಡು, ಒಕ್ಕಲಿಗನ ಲೆಕ್ಕದಲ್ಲಿ ಸಾಲವನ್ನೇ ಉಳಿಸುವರು. ಸಾಲ ಕೊಟ್ಟವರು ಹಣ ತರುವ ಹತ್ತಿಯನ್ನೇ ಕೇಳುತ್ತಿದ್ದದರಿಂದ, ಗುಡಿಸಲಿನ ಹೊಸ್ತಿಲ ತನಕ ಹತ್ತಿಯೇ ಹತ್ತಿ. ಕಾಯಿಪಲ್ಯದ ಒಂದು ಮಡಿಯೂ ಇಲ್ಲ. ವರುಷದ ಮೇಲೆ ವರುಷ ಅದೊಂದೇ ಬೆಳೆಯನ್ನು ಬೆಳೆದು ನೆಲದ ಸಾರವೆಲ್ಲಾ ಇಂಗಿಹೋಗಿತ್ತು. ಮಳೆಯ ನೀರು ಮೇಲ್ಮಣ್ಣನ್ನು ಕೊಚ್ಚಿ ಕೊರಕಲುಗಳನ್ನು ಮಾಡಿತ್ತು. ಜನರು ಮೆಕ್ಕೆಜೋಳದ ಹಿಟ್ಟು, ಹಂದಿಯ ಕೊಬ್ಬು, ಕಾಕಂಬಿ ಇವುಗಳನ್ನೇ ಮೂರು ಹೊತ್ತು ತಿಂದು, ಪೆಲ್ಲಾಗ್ರ ಎಂಬ ಚರ್ಮವೊಡೆದು ಬುದ್ಧಿ ಕೆಡುವ ರೋಗಕ್ಕೆ ಗುರಿಯಾಗುತ್ತಿದ್ದರು. ಅದು ಅಂಟುರೋಗವಲ್ಲ, ಆಹಾರದ ಕೊರತೆಯಿಂದ ಬರುವದೆಂದು ವೈದ್ಯರು ೧೯೧೫ರ ಸುಮಾರಿಗೆ ತೋರಿಸಿದರು. ಕಾರ್ವರರು ಅದಕ್ಕಿಂತ ಬಹಳ ಮುಂಚೆಯೇ ಮನೆಗೊಂದು ಕಾಯಿಪಲ್ಯದ ಹಿತ್ತಿಲು ಇರಬೇಕೆಂದು ಸಾರುತ್ತಿದ್ದರು.

ಸವೆದ ಹೊಲಕ್ಕೆ ಜೀವ

೧೮೯೭ರಲ್ಲಿ ಅಲಬಾಮಾದ ಶಾಸನಸಭೆಯು ಟಸ್ಕೀಗೀಯಲ್ಲಿ ಒಂದು ಪ್ರಯೋಗಕ್ಷೇತ್ರವನ್ನು ನಡಿಸುವದಕ್ಕೆ ವರುಷಕ್ಕೆ ೧೫೦೦ ಡಾಲರು ಕೊಟ್ಟಿತು. ಬಿಳಿಯರ ಕಾಲೇಜಿಗೆ ಸಿಕ್ಕುತ್ತಿದ್ದದಕ್ಕೆ ಇದು ಅತ್ಯಲ್ಪ. ಸಿಕ್ಕಿದ ನೆಲವೂ ಮಳಲು ತುಂಬಿದ, ಕೊರಕಲು ಬಿದ್ದ ನೆಲ. ಕಾರ್ವರರು ಇದಕ್ಕೆ ದುಃಖಪಡಲಿಲ್ಲ. ಯಾಕಂದರೆ ಬಡವನ ಹೊಲವೂ ಅಂಥಾದ್ದೇ. ಒಳ್ಳೇ ನೆಲದಲ್ಲಿ ಬೆಲೆಯುಳ್ಳ ಗೊಬ್ಬರ ಹಾಕಿ ಬೆಳೆ ತೆಗೆದು ತೋರಿಸಿದರೆ ಬಡವನಿಗೆ ಅದರಿಂದ ಏನು ಲಾಭ? ಒಂದು ಹೇಸರಗತ್ತೆಯೂ ಒಂದು ನೇಗಿಲೂ ಉಳ್ಳ ಒಕ್ಕಲಿಗನು ಮಾಡಬಹುದಾದದ್ದನ್ನೇ ತಾವೂ ಮಾಡಿ ನೋಡಬೇಕೆಂದು ನಿಶ್ಚಯಿಸಿದರು.

ಮೊದಲನೇ ವರುಷ ಹುಟ್ಟುವಳಿಯು ಖರ್ಚಿಗೂ ಸಾಲಲಿಲ್ಲ. ಅವರು ನೆಲವನ್ನು ಆಳವಾಗಿ ಉತ್ತು, ಇಳುಕಲಿಗೆ ಅಡ್ಡಲಾಗಿ ಸಾಲುಗಳನ್ನು ಹಿಡಿದು, ಹತ್ತಿಯನ್ನು ನಿಲ್ಲಿಸಿ ಅಲಸಂದೆಯನ್ನು ಬಿತ್ತಿದರು. ಅಲಸಂದೆ, ನೆಲಗಡಲೆ, ಹೆಸರು, ತೊಗರಿ ಇಂಥಾ ಕಾಳುಗಳ ಬೇರಿನಲ್ಲಿ ಸಾಸಿವೆಯಂತೆ ಪುಟ್ಟ ಗಂಟುಗಳಿರುವದನ್ನು ವಾಚಕರು ಕಂಡಿರಬಹುದು. ಅದು ರೋಗವಲ್ಲ. ಆ ಗಂಟುಗಳೊಳಗೆ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ವಾಸಮಾಡಿ, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಆಹಾರ ಮಾಡಿ ಕೊಡುತ್ತವೆ. ಗಿಡದ ಬೇರೂ ಸೊಪ್ಪೂ ಕೊಳೆತು ಮಣ್ಣಿಗೆ ಸೇರಿದಾಗ ಆ ಸಾರವು ಮುಂದಿನ ಬೆಳೆಗೆ ಸಿಕ್ಕುವದು. ನೆಲಗಡಲೆಯನ್ನು ಬೇರುಸಹಿತ ಕಿತ್ತು ಬಳ್ಳಿಯನ್ನೆಲ್ಲಾ ಮಾರಿಬಿಟ್ಟರೆ ನೆಲಕ್ಕೆ ಬರುವದು ಸ್ವಲ್ಪವೇ. ಬಳ್ಳಿಯನ್ನು ದನಕ್ಕೆ ಹಾಕಿ ಅದರ ಸಗಣಿಯನ್ನು ಅದೇ ಹೊಲಕ್ಕೆ ಹಿಂದಕ್ಕೆ ಕೊಟ್ಟರೆ ಲಾಭವು ಉಳಿಯುವದು. ಹೀಗೆ ಒಂದು ವರುಷ ಕಾಳು, ಇನ್ನೊಂದು ವರುಷ ಗೆಣಸು, ಮತ್ತೊಂದು ವರುಷ ಹತ್ತಿ ಎಂದು ಬೆಳೆಗಳನ್ನು ಸರದಿಯಿಂದ ಬದಲಿಸಬೇಕೆಂದು ಅವರು ಕಲಿಸಿದರು.

ಗೊಬ್ಬರದ ವಿಷಯದಲ್ಲಿಯೂ ಅವರು ಅಂಗಡಿಯ ಕಡೆಗೆ ನೋಡಲಿಲ್ಲ, ಕಾಡಿನ ಕಡೆಗೆ ನೋಡಿದರು. ಉದುರಿದ ಎಲೆಯೂ ಜೌಗಿನ ಕರೀ ಕೆಸರೂ ಯಾರೂ ಕೇಳದೆ ಬಿದ್ದಿರುತ್ತವೆ. ಜನರು ಎಲೆಯನ್ನು ಗುಡಿಸಿ ಸುಡುತ್ತಾರೆ. ಇದು ಹಣವನ್ನೇ ಸುಟ್ಟಂತೆ. ಕಟ್ಟಿಗೆಯಿಂದ ಒಂದು ದೊಡ್ಡಿ ಕಟ್ಟಿ, ಎರಡು ಬಂಡಿ ಎಲೆಯನ್ನೂ ಕೆಸರನ್ನೂ ಹರವಿ, ಅದರ ಮೇಲೆ ಒಂದು ಬಂಡಿ ಕೊಟ್ಟಿಗೆಯ ಗೊಬ್ಬರವನ್ನು ಹರವಿ, ಹೀಗೆಯೇ ಪದರು ಪದರಾಗಿ ತುಂಬಿ, ಮಳೆಯ ನೀರು ಸಾರವನ್ನು ತೊಳೆದುಕೊಂಡು ಹೋಗದಂತೆ ಮೇಲ್ಭಾಗವನ್ನು ಗುಂಡಾಗಿ ಏರಿಸಿ ಮಾಗಲು ಬಿಡಬೇಕು. ಇದರಿಂದ ಒಂದು ಬಂಡಿ ಗೊಬ್ಬರವು ಮೂರು ಬಂಡಿಯಾಗುವದು. ಇಂಥಾ ಉಪಾಯಗಳಿಂದ ಕೆಲವು ವರುಷಗಳೊಳಗೆ, ಮೊದಲು ನಷ್ಟ ತಂದ ಆ ನೆಲವೇ ಲಾಭ ಕೊಟ್ಟು, ನೆರೆಯ ಹೊಲಗಳಿಗಿಂತ ಹೆಚ್ಚು ಹತ್ತಿಯನ್ನೂ ಬೆಳೆಯಿತು.

ಪ್ರಯೋಗದ ಫಲವನ್ನು ಅವರು ಪೆಟ್ಟಿಗೆಯಲ್ಲಿ ಇಡಲಿಲ್ಲ. ೧೮೯೮ರಿಂದ ಆರಂಭಿಸಿ ತಮ್ಮ ಜೀವಮಾನದಲ್ಲಿ ೪೪ ಚಿಕ್ಕ ಪುಸ್ತಕಗಳನ್ನು ಪ್ರಕಟಿಸಿದರು. ಮೊದಲನೆಯದು ಕಾಡಿನ ಓಕ್ ಮರದ ಕಾಯಿಗಳನ್ನು ಹಂದಿಗಳಿಗೆ ಮೇವಾಗಿ ಹಾಕುವ ವಿಷಯ. ಅನಂತರ ಗೆಣಸು, ಅಲಸಂದೆ, ಸವೆದ ನೆಲದ ಸುಧಾರಣೆ ಮೊದಲಾದವು. ಅವುಗಳ ಮಾತು ಸರಳ. ಒಕ್ಕಲಿಗನಿಗೆ ಬೇಸಾಯದ ಕ್ರಮ, ಉಪಾಧ್ಯಾಯನಿಗೆ ಅದರ ಕಾರಣ, ಮನೆಯ ತಾಯಿಗೆ ಬೆಳೆದದ್ದನ್ನು ಬೇಯಿಸುವ ಬಗೆ, ಹೀಗೆ ಮೂವರನ್ನೂ ನೆನಪಿನಲ್ಲಿಟ್ಟು ಬರೆದರು. ಸುತ್ತಲಿನ ಜೇಡಿಮಣ್ಣನ್ನು ಸೋಸಿ ಗುಡಿಸಲಿನ ಗೋಡೆಗೆ ಬಣ್ಣ ಬಳಿಯುವದನ್ನೂ ಕಲಿಸಿದರು. ಯಾಕಂದರೆ ಬಡವನಿಗೆ ಅನ್ನದ ಸಂಗಡ ಮನೆಯ ಅಂದವೂ ಬೇಕೆಂದು ಅವರ ಅಭಿಪ್ರಾಯ.

ಚಕ್ರದ ಮೇಲಿನ ಪಾಠಶಾಲೆ

ಆದರೆ ಓದು ಬಾರದ ಒಕ್ಕಲಿಗನಿಗೆ ಪುಸ್ತಕದಿಂದ ಏನು? ಟಸ್ಕೀಗೀಯಲ್ಲಿ ತಿಂಗಳಿಗೊಮ್ಮೆ ಒಕ್ಕಲಿಗರ ಕೂಟ ನಡೆಯುತ್ತಿತ್ತು; ೧೯೦೪ರಿಂದ ಚಳಿಗಾಲದಲ್ಲಿ ಕೆಲಸವಿಲ್ಲದ ದಿನಗಳಲ್ಲಿ ಅವರಿಗಾಗಿ ಸಣ್ಣ ಅವಧಿಯ ಶಿಕ್ಷಣವನ್ನು ಏರ್ಪಡಿಸಿದರು. ಬರಲಾರದವರು ಇನ್ನೂ ಅನೇಕರಿದ್ದರು. ಕಾರ್ವರರು ವಾರದ ಕೊನೆಯಲ್ಲಿ ಬಂಡಿಯನ್ನು ಹೂಡಿಸಿ, ಬೀಜಗಳನ್ನೂ ಸಲಕರಣೆಗಳನ್ನೂ ಹೇರಿಕೊಂಡು, ಹಳ್ಳಿಯ ದೇವಾಲಯಗಳಲ್ಲಿ ಆರಾಧನೆ ಮುಗಿದು ಜನರು ಹೊರಗೆ ಬರುವ ಹೊತ್ತಿಗೆ ಅಲ್ಲಿ ನಿಂತು ಪಾಠ ಹೇಳುತ್ತಿದ್ದರು.

ಇದರಿಂದಲೇ ೧೯೦೬ರಲ್ಲಿ ಒಂದು ದೊಡ್ಡ ಕೆಲಸ ಹುಟ್ಟಿತು. ನ್ಯೂಯಾರ್ಕಿನ ಧನಿಕರಾದ ಮಾರಿಸ್ ಜೆಸಪ್ ಎಂಬವರು ಹಣ ಕೊಡಲು, ಕಾರ್ವರರ ಯೋಜನೆಯ ಮೇರೆಗೆ ಒಂದು ಬಂಡಿಯನ್ನು ಸಿದ್ಧಮಾಡಿ ಅದಕ್ಕೆ ಜೆಸಪ್ ಬಂಡಿ ಎಂದು ಹೆಸರಿಟ್ಟರು. ಅದರಲ್ಲಿ ನೇಗಿಲು, ಬೀಜ, ಗೊಬ್ಬರ, ತೋಟದ ಹತಾರು, ಹಾಲನ್ನು ಪರೀಕ್ಷಿಸುವ ಮತ್ತು ಬೆಣ್ಣೆ ಕಡೆಯುವ ಸಾಮಾನುಗಳು ಇದ್ದವು. ಬಂಡಿಯು ಒಬ್ಬ ಒಕ್ಕಲಿಗನ ಹೊಲದ ಬಳಿ ನಿಲ್ಲುವದು, ನೆರೆಯವರು ಕೂಡುವರು, ಅವನ ಹೊಲದಲ್ಲಿಯೇ, ಅವನ ಪಶುವನ್ನೇ ಹೂಡಿ ಉತ್ತು ತೋರಿಸುವರು. ಆ ಬೇಸಿಗೆಯಲ್ಲಿ ತಿಂಗಳಿಗೆ ೨೦೦೦ಕ್ಕೂ ಹೆಚ್ಚು ಜನರಿಗೆ ಈ ಪಾಠ ಮುಟ್ಟಿತು. ಟಸ್ಕೀಗೀಯಲ್ಲಿ ಕಲಿತ ಥಾಮಸ್ ಕ್ಯಾಂಪ್ಬೆಲ್ ಎಂಬ ಯೌವನಸ್ಥನನ್ನು ಅದೇ ವರುಷ ದೇಶದ ಬೇಸಾಯದ ಇಲಾಖೆಯವರು ಈ ಕೆಲಸಕ್ಕೆ ನೇಮಿಸಿದರು. ಕಪ್ಪು ವರ್ಣದವರೊಳಗೆ ಇಂಥಾ ಉದ್ಯೋಗಕ್ಕೆ ನೇಮಕವಾದವರಲ್ಲಿ ಅವನೇ ಮೊದಲಿಗನು. ೧೯೧೪ರಲ್ಲಿ ಅಮೆರಿಕದ ಸರಕಾರವು ಒಕ್ಕಲಿಗರ ಮನೆಬಾಗಲಿಗೆ ಬೇಸಾಯದ ತಿಳುವಳಿಕೆಯನ್ನು ಮುಟ್ಟಿಸುವ ಕೆಲಸವನ್ನು ಕಾನೂನಿನಿಂದ ದೇಶವೆಲ್ಲಾ ಸ್ಥಾಪಿಸಿತು. ಮುಂದೆ ಬಂಡಿಯ ಬದಲಿಗೆ ಮೋಟಾರು ಗಾಡಿ ಬಂತು. ೧೯೨೩ರಲ್ಲಿ ಹೊರಟ ಗಾಡಿಯಲ್ಲಿ ಒಬ್ಬ ದಾದಿಯೂ ಇದ್ದು ತಾಯಂದಿರಿಗೆ ಆರೋಗ್ಯದ ಪಾಠ ಹೇಳುತ್ತಿದ್ದಳು.

ನೆಲಗಡಲೆಯ ಕೀರ್ತಿ

೧೯೧೦ರ ಸುಮಾರಿಗೆ ಹತ್ತಿಯ ಕಾಯಿಯನ್ನು ಕೊರೆಯುವ ಸೊಂಡಿಲಿನ ಹುಳು ಅಲಬಾಮಾಕ್ಕೆ ಬಂತು. ಹತ್ತಿಯೊಂದನ್ನೇ ನಂಬಿದ ಊರುಗಳು ಹಾಳಾದವು. ಆಗ ಕಾರ್ವರರ ಮಾತಿಗೆ ಕಿವಿಗೊಡುವವರು ಹೆಚ್ಚಿದರು. ೧೯೧೬ರಲ್ಲಿ ಅವರು ನೆಲಗಡಲೆಯನ್ನು, ಎಂದರೆ ನಮ್ಮ ಶೇಂಗಾವನ್ನು, ಬೆಳೆಯುವ ಕ್ರಮವನ್ನೂ ಅದರಿಂದ ೧೦೫ ಬಗೆಯ ಅಡಿಗೆ ಮಾಡುವದನ್ನೂ ತಿಳಿಸುವ ಪುಸ್ತಕವನ್ನು ಹೊರಡಿಸಿದರು. ನೆಲಗಡಲೆಯಿಂದ ಹಾಲು, ಬಣ್ಣ, ಸಾಬೂನು ಮೊದಲಾದ ನೂರಾರು ಪದಾರ್ಥಗಳನ್ನು ಮಾಡಬಹುದೆಂದು ತೋರಿಸಿದರು. ೧೯೨೧ರಲ್ಲಿ ಅಮೆರಿಕದ ಶಾಸನಸಭೆಯ ಒಂದು ಸಮಿತಿಯು ಈ ಬೆಳೆಯ ಸುಂಕದ ವಿಷಯ ವಿಚಾರಿಸುವಾಗ ಅವರನ್ನು ಕರೆಸಿ ಹತ್ತು ನಿಮಿಷ ಮಾತಾಡಲು ಕೊಟ್ಟಿತು. ಒಬ್ಬ ಸಭಾಸದನು ಅವರ ವರ್ಣವನ್ನು ಕುರಿತು ಹಾಸ್ಯಮಾಡಿದನು. ಅವರು ಸಿಟ್ಟಾಗದೆ ಪೆಟ್ಟಿಗೆಯಿಂದ ಒಂದೊಂದೇ ಪದಾರ್ಥವನ್ನು ತೆಗೆದು ತೋರಿಸುತ್ತಾ ಹೋಗಲು, ಸಮಿತಿಯವರು ಕಾಲದ ಮಿತಿಯನ್ನು ಮರೆತು ಬಹಳ ಹೊತ್ತು ಕೇಳಿ, ಕೊನೆಗೆ ಕೈತಟ್ಟಿ ಗೌರವಿಸಿದರು. ಅಂದಿನಿಂದ ಅವರ ಹೆಸರು ದೇಶವೆಲ್ಲಾ ಹಬ್ಬಿತು. ಮುಂದೆ ಅವರು ನಮ್ಮ ದೇಶದ ಗಾಂಧೀಜಿಯವರಿಗೂ ಬಡವರ ಆಹಾರದ ವಿಷಯವಾಗಿ ಬರೆದು ಕಳುಹಿಸಿದ್ದುಂಟು.

ಇಲ್ಲಿ ಸತ್ಯವನ್ನು ತೂಗಿ ಹೇಳುವದು ಒಳ್ಳೇದು. ಕೀರ್ತಿಯು ಬೆಳೆದಂತೆ ಕಥೆಗಳೂ ಬೆಳೆದವು. ನೆಲಗಡಲೆಯ ಬೆಣ್ಣೆಯನ್ನು ಕಂಡುಹಿಡಿದವರು ಅವರೆಂದು ಅನೇಕರು ಹೇಳುತ್ತಾರೆ, ಅದು ನಿಜವಲ್ಲ. ಅವರು ಮಾಡಿ ತೋರಿಸಿದ ಪದಾರ್ಥಗಳಲ್ಲಿ ಬಹಳವಾದವು ಪೇಟೆಗೆ ಬರಲೇ ಇಲ್ಲ. ಅವರು ಪಡೆದ ಹಕ್ಕುಪತ್ರಗಳು ಮೂರು ಮಾತ್ರ. ನೆಲಗಡಲೆಯ ಬೇಸಾಯ ಹೆಚ್ಚಿದ್ದಕ್ಕೆ ಹತ್ತಿಯ ಹುಳುವೂ ಯುದ್ಧಕಾಲದಲ್ಲಿ ಎಣ್ಣೆಗೆ ಬಂದ ಬೆಲೆಯೂ ಕಾರಣಗಳಾಗಿದ್ದವು. ಅವರಲ್ಲಿ ಕೊರತೆಗಳೂ ಇದ್ದವು. ಲೆಕ್ಕಪತ್ರ ನೋಡುವದರಲ್ಲಿಯೂ ಆಳುಗಳನ್ನು ನಡಿಸುವದರಲ್ಲಿಯೂ ಅವರು ಜಾಣರಲ್ಲ. ಕೋಳಿಗಳ ಸಾಕಣೆಯು ಅವರ ಕೈಯಲ್ಲಿ ಕೆಟ್ಟು, ಅದರ ನಿಮಿತ್ತ ಅವರಿಗೂ ಬುಕರ್ ವಾಷಿಂಗ್ಟನರಿಗೂ ಪದೇ ಪದೇ ಮನಸ್ತಾಪವಾಯಿತು. ಕೆಲಸ ಬಿಡುವೆನೆಂದು ಅವರು ಎಷ್ಟೋ ಸಾರಿ ಬರೆದುಕೊಟ್ಟರು. ತಮ್ಮ ಜನರ ಮೇಲೆ ನಡೆಯುತ್ತಿದ್ದ ಅನ್ಯಾಯದ ವಿರುದ್ಧ ಬಹಿರಂಗವಾಗಿ ಮಾತಾಡಲಿಲ್ಲವೆಂದು ಅವರನ್ನು ದೂರುವವರೂ ಇದ್ದರು. ಅದು ತೀರ ಸುಳ್ಳಾದ ದೂರಲ್ಲ. ಭೂಮಿಯೇ ಒಡೆಯನದಾಗಿರುವಾಗ, ಹತ್ತಿಯನ್ನು ಬಿಟ್ಟು ಅಲಸಂದೆ ಬಿತ್ತುವೆನೆಂದು ಹೇಳುವ ಸ್ವಾತಂತ್ರ್ಯವು ಪಾಲಿನ ಒಕ್ಕಲಿಗನಿಗೆ ಎಲ್ಲಿಂದ ಬರಬೇಕು? ಒಳ್ಳೇ ಗೊಬ್ಬರದಿಂದ ನೆಲದ ಬಡತನ ನೀಗಬಹುದು; ಅನ್ಯಾಯದ ಲೆಕ್ಕದಿಂದ ಬಂದ ಬಡತನಕ್ಕೆ ಬೇರೆ ಮದ್ದೂ ಬೇಕು. ಕಾರ್ವರರು ತಮಗೆ ತಿಳಿದ ಮದ್ದನ್ನು ಕೊಟ್ಟರು. ಅದರಿಂದ ಹಿತ್ತಿಲಲ್ಲಿ ಕಾಯಿಪಲ್ಯ, ಮನೆಯಲ್ಲಿ ಹಾಲು, ಅಂಗಡಿಯಲ್ಲಿ ಸ್ವಲ್ಪ ಕಡಿಮೆ ಸಾಲ ಇಷ್ಟಾದರೂ ಸಾವಿರಾರು ಮನೆಗಳಿಗೆ ದೊರಕಿತು. ಇದು ಸಣ್ಣ ಕೆಲಸವಲ್ಲ.

ಅವರ ನಡತೆಯೂ ಅಂತ್ಯವೂ

ಅವರು ಮದುವೆಯಾಗಲಿಲ್ಲ. ವಿದ್ಯಾಲಯದ ವಸತಿಗೃಹದಲ್ಲಿಯೇ ವಾಸಮಾಡಿ, ಹಳೇ ಅಂಗಿಗಳನ್ನೇ ತೊಟ್ಟು, ಎದೆಯ ಮೇಲೆ ಒಂದು ಹೂವನ್ನು ಮಾತ್ರ ದಿನಾಲು ಧರಿಸುತ್ತಿದ್ದರು. ಸಂಬಳ ಹೆಚ್ಚಿಸಬೇಕೆಂದು ಕೇಳಿದವರಲ್ಲ. ಹೆಚ್ಚು ಹಣದ ಕೆಲಸಕ್ಕಾಗಿ ಟಸ್ಕೀಗೀಯನ್ನು ಬಿಟ್ಟವರಲ್ಲ. ಪ್ರತಿದಿನ ಬೆಳಗಾಗುವ ಮುಂಚೆ ಎದ್ದು ಕಾಡಿಗೆ ಹೋಗಿ, ಒಬ್ಬರೇ ಪ್ರಾರ್ಥಿಸಿ, ಗಿಡಗಳನ್ನು ಆರಿಸಿ ತರುವದು ಅವರ ವಾಡಿಕೆ. ಸೃಷ್ಟಿಯ ಗುಟ್ಟನ್ನು ಸೃಷ್ಟಿಕರ್ತನನ್ನೇ ಕೇಳಿ ತಿಳಿಯಬೇಕೆಂದು ಅವರು ನಂಬಿದ್ದರು. ೧೯೦೭ರ ಸುಮಾರಿನಿಂದ ಮೂವತ್ತು ವರುಷಗಳಷ್ಟು ಕಾಲ ಆದಿತ್ಯವಾರ ಸಾಯಂಕಾಲ ವಿದ್ಯಾರ್ಥಿಗಳಿಗೆ ಸತ್ಯವೇದದ ಪಾಠವನ್ನು ನಡಿಸಿದರು. ಅದಕ್ಕೆ ಬರಲೇಬೇಕೆಂಬ ಕಟ್ಟಳೆ ಇಲ್ಲದಿದ್ದರೂ ಕೋಣೆ ತುಂಬುತ್ತಿತ್ತು.

೧೯೨೩ರಲ್ಲಿ ಅವರ ಜನರು ಕೊಡುವ ಸ್ಪಿಂಗಾರ್ನ್ ಪದಕವೂ, ೧೯೨೮ರಲ್ಲಿ ಸಿಂಪ್ಸನ್ ಕಾಲೇಜಿನ ಗೌರವ ಪದವಿಯೂ, ೧೯೩೯ರಲ್ಲಿ ರೂಸ್ವೆಲ್ಟ್ ಪದಕವೂ ಅವರಿಗೆ ದೊರೆತವು. ೧೯೪೦ರಲ್ಲಿ ಅವರು ಯೌವನಸ್ಥರ ಸಂಶೋಧನೆಗಾಗಿ ಒಂದು ನಿಧಿಯನ್ನು ಸ್ಥಾಪಿಸಿ, ತಾವು ಉಳಿಸಿದ್ದ ಹಣವನ್ನೆಲ್ಲಾ ಅದಕ್ಕೆ ಕೊಟ್ಟರು. ೧೯೪೩ನೇ ಜನವರಿ ೫ರಂದು ಟಸ್ಕೀಗೀಯಲ್ಲಿಯೇ ನಿದ್ರೆಹೋದರು. ಬುಕರ್ ವಾಷಿಂಗ್ಟನರ ಸಮಾಧಿಯ ಮಗ್ಗುಲಲ್ಲಿ ಅವರನ್ನು ಹೂಣಿಟ್ಟರು. ಅದೇ ವರುಷ ಅಮೆರಿಕದ ಸರಕಾರವು ಅವರು ಹುಟ್ಟಿದ ಹೊಲವನ್ನು ರಾಷ್ಟ್ರೀಯ ಸ್ಮಾರಕವಾಗಿ ಪ್ರತಿಷ್ಠಿಸಿತು. ಹುಟ್ಟಿದ ದಿನವನ್ನು ಬರೆದಿಡುವಷ್ಟೂ ಬೆಲೆ ಇಲ್ಲದವನೆಂದು ಒಂದು ಕಾಲದಲ್ಲಿ ಎಣಿಸಲ್ಪಟ್ಟವನ ಹೊಲವು ಹೀಗೆ ದೇಶದ ಸೊತ್ತಾಯಿತು.

ಪ್ರಿಯ ವಾಚಕರೇ, ಈ ಚರಿತ್ರೆಯನ್ನು ಓದಿ ಆಶ್ಚರ್ಯಪಟ್ಟು ಪುಸ್ತಕವನ್ನು ಮಡಚಿ ಇಟ್ಟರೆ ಸಾಲದು. ಅಮೆರಿಕದ ಹೊಲ ಬೇರೆ, ನಮ್ಮ ಹೊಲ ಬೇರೆಯಾದರೂ, ಎಲೆಯು ಎಲ್ಲೆಲ್ಲಿಯೂ ಎಲೆಯೇ. ಅಲಸಂದೆಯ ಬೇರಿನ ಗಂಟು ಎಲ್ಲೆಲ್ಲಿಯೂ ಒಂದೇ ಕೆಲಸ ಮಾಡುವದು. ನಿಮ್ಮ ತಿಪ್ಪೆಯು ಬಿಸಿಲಿಗೆ ಒಣಗಿ ಮಳೆಗೆ ತೊಳೆದು ಹೋಗುತ್ತಿರುವದೋ ನೋಡಿರಿ. ಹೊಲದ ಕಸವನ್ನು ಸುಡುವ ಮುಂಚೆ ಒಂದು ಗುಂಡಿಯನ್ನು ತೋಡಿರಿ. ಒಂದೇ ಬೆಳೆಯ ಮೇಲೆ ಮನೆಯ ಭಾರವನ್ನೆಲ್ಲಾ ಹಾಕಬೇಡಿರಿ. ಹಿತ್ತಿಲಲ್ಲಿ ನಾಲ್ಕು ಮಡಿ ಪಲ್ಯ ಬೆಳೆದರೆ ಮಕ್ಕಳ ಕಣ್ಣಿಗೂ ಮೈಗೂ ಕಳೆ ಬರುವದು. ಮಗನಾಗಲಿ ಮಗಳಾಗಲಿ ಓದಿ ಮನೆಗೆ ಬಂದಾಗ, ಕಲಿತದ್ದನ್ನು ಹೊಲದ ಬದುವಿನ ಮೇಲೆ ಕೂತು ತಂದೆತಾಯಿಗೆ ಹೇಳಲಿ. ತಂದೆಯೂ ನಾಚದೆ ಕೇಳಲಿ. ಮರಾಯಾ ಎಂಬ ಬಟ್ಟೆ ಒಗೆಯುವ ಹೆಂಗಸು ಅನಾಥ ಹುಡುಗನೊಬ್ಬನಿಗೆ ಹೇಳಿದ ಬುದ್ಧಿ ನಮಗೂ ಸಲ್ಲುವದು. ಪಡೆದದ್ದನ್ನು ಹಿಂದಕ್ಕೆ ಕೊಡದೆ ಇದ್ದರೆ ಹೊಲವೂ ಸವೆಯುವದು, ಮನುಷ್ಯನೂ ಸವೆಯುವನು.